ಎರಡು ಕರವಸ್ತ್ರ ತನ್ನಿ

ನಾನು ಕನ್ನಡಕ ಒರೆಸಿಕೊಳ್ಳುವ ಕರವಸ್ತ್ರ ಒಂದು ಜೋಡಿಯಲ್ಲಿ ಉಳಿದ ಒಂಟಿ. ಬಿಳಿಯ ಮಲ್ಲಿನ ಬಟ್ಟೆ, ಅಂಚಿಗೆ ತಿಳಿನೀಲಿ ದಾರ, ಮೂಲೆಯಲ್ಲಿ ಅಮ್ಮ ಕಸೂತಿ ಹಾಕಿದ ನನ್ನ ಹೆಸರಿನ ಮೊದಲಕ್ಷರ. ಇದರ ಜೊತೆಯದು ವಿಲ್ಸನ್ ಗಾರ್ಡನ್ನಿನ ಒಂದು ಮನೆಯಲ್ಲಿದೆ. ಅಥವಾ ಇಷ್ಟರಲ್ಲಿ ಅಲ್ಲಿ ಮಸಿಬಟ್ಟೆಯಾಗಿ ಸವೆದುಹೋಗಿದೆ. ನಾನು ಗಣಿತ ಹೇಳಿಕೊಡುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಮೊನ್ನೆ ಒಬ್ಬರು ಅದನ್ನು ಎತ್ತಿ ನೋಡಿ, "ಎಷ್ಟ್ ಚೆನ್ನಾಗಿದೆ ರೀ! ಒಂದೇನಾ ಇರೋದು?" ಎಂದರು. "ಒಂದೇ" ಎಂದೆ. ಅಲ್ಲಿಗೆ ಮಾತು ಮುಗಿಯಿತು. ನನ್ನ ಮಾತುಗಳು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತವೆ. ಆದರೆ ಕಾಗದದ ಮೇಲೆ ನನಗೆ ಅಷ್ಟು ಸಂಕೋಚವಿಲ್ಲ.

ಈ ಕರವಸ್ತ್ರಗಳು ಹುಟ್ಟಿದ್ದು ಒಂದು ಸಿನಿಮಾ ಟ್ರೈಲರಿನಿಂದ.

ಟ್ರೈಲರಿನ ವಿಷಯದಲ್ಲಿ ನಾನು ಸ್ವಲ್ಪ ಅಧಿಕಾರದಿಂದಲೇ ಮಾತಾಡಬಲ್ಲೆ. ಏಕೆಂದರೆ ಚಿಕ್ಕಂದಿನಲ್ಲಿ ನಾನು ನೋಡಿದ ಸಿನಿಮಾಗಳಿಗಿಂತ ನೋಡಿದ ಟ್ರೈಲರುಗಳೇ ಹೆಚ್ಚು. ಆಗ ಜಯನಗರವೆಂದರೆ ರಸ್ತೆ ಮೊದಲು, ಮನೆ ಆಮೇಲೆ. ಕ್ರಾಸುಗಳಿಗೆಲ್ಲ ನಂಬರು ಬಿದ್ದಿತ್ತು, ಆ ನಂಬರಿನಲ್ಲಿ ವಾಸವಾಗಿದ್ದುದು ಮಾತ್ರ ಹುಲ್ಲು ಮತ್ತು ಓತಿಕ್ಯಾತ. ಭೈರಸಂದ್ರದ ಕಡೆಯ ಬಯಲಿನಲ್ಲಿ ಒಂದು ಟೆಂಟು ಸಿನಿಮಾ ಇತ್ತು. ಮಧ್ಯಾಹ್ನವಾದರೆ ಜಟಕಾ ಗಾಡಿಯೊಂದು ತಮಟೆ ಬಡಿಸಿಕೊಂಡು ಬಂದು, ಮನೆಗಳಿಗಿಂತ ಖಾಲಿ ಸೈಟುಗಳಿಗೇ ಹೆಚ್ಚು ಕರಪತ್ರ ಹಂಚಿ ಹೋಗುತ್ತಿತ್ತು. ಅಮ್ಮ ಆ ಗುಲಾಬಿ ಕಾಗದಗಳನ್ನು ಆಯ್ದು ತಂದು ಅಡಿಗೆಮನೆಯ ಗೂಡಿಗೆ ಹಾಸುತ್ತಿದ್ದಳು. ನಮ್ಮ ಮೆಂತ್ಯದ ಡಬ್ಬಿ ಬಹಳ ಕಾಲ ಒಬ್ಬ ಖಳನಾಯಕನ ಎದೆಯ ಮೇಲೆ ಕುಳಿತಿತ್ತು.

ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಹೆಣ್ಣುಮಕ್ಕಳಿಗೆ ದೇವರ ಸಿನಿಮಾ ಮಾತ್ರ. ಇದನ್ನು ಮಾಡಿದವರಿಗೆ ಟೆಂಟಿನ ವ್ಯವಹಾರ ತಿಳಿದಿರಲಿಲ್ಲ. ಟೆಂಟಿನಲ್ಲಿ ಇದ್ದುದು ಒಂದೇ ಪ್ರೊಜೆಕ್ಟರು. ಭಕ್ತನ ಮೊರೆ ಮುಗಿಲು ಮುಟ್ಟಿ, ಇನ್ನೇನು ದೇವರು ಪ್ರತ್ಯಕ್ಷನಾಗಬೇಕು ಎನ್ನುವಾಗ ರೀಲು ಮುಗಿಯುತ್ತಿತ್ತು. ದೇವರು ಬರುವ ಮೊದಲು ಇಂಟರ್‌ವಲ್ಲು, ಅದರ ಕೊನೆಯಲ್ಲಿ ಮುಂದಿನ ವಾರದ ಚಿತ್ರದ ಟ್ರೈಲರು. ಹೀಗೆ ನನಗೆ ನಿಷೇಧಿಸಿದ್ದ ಲೋಕವೆಲ್ಲ ದೇವರ ಕೃಪೆಯಿಂದಲೇ ದರ್ಶನವಾಯಿತು.

ಯಾವ ಟ್ರೈಲರಾದರೂ ಅಡಿಗೆ ಒಂದೇ. ಒಂದು ಹೊಡೆದಾಟ, ಒಂದು ಹಾಸ್ಯ, ಒಂದು ಮನೆತನದ ಮರ್ಯಾದೆ, ಒಂದು ಅಳು. ಇದು ಟೆಂಟಿನಲ್ಲಿ ಜನ ಕೂರುವ ವ್ಯವಸ್ಥೆಯೇ ಎಂಬುದು ನನಗೆ ಬೇಗ ಹೊಳೆಯಿತು. ಹೊಡೆದಾಟ ನೆಲದವರಿಗೆ, ಹಾಸ್ಯ ಬೆಂಚಿನವರಿಗೆ, ಮರ್ಯಾದೆ ಕುರ್ಚಿಯವರಿಗೆ. ಮೊಣಕಾಲೆತ್ತರದ ಮಣ್ಣುಗೋಡೆಯ ಈಚೆಗೆ ಕೂತ ನಮಗೆ, ಹೆಂಗಸರಿಗೆ, ಅಳು. ತೆರೆಯ ಪಕ್ಕದಲ್ಲಿ ಟೆಂಟಿನ ಯಜಮಾನರ ಭಾವಮೈದುನ ಮೈಕು ಹಿಡಿದು ನಿಂತಿರುತ್ತಿದ್ದ. ನೆಲದವರಿಗೆ ಅವನ ದನಿ ಗುಡುಗು. ನಮ್ಮ ಕಡೆ ತಿರುಗಿದೊಡನೆ ಅದಕ್ಕೆ ನೆಗಡಿಯಾಗುತ್ತಿತ್ತು: "ತಾಯಂದಿರೇ..." ಅಷ್ಟೇ. ಮುಂದೆ ಏನು ಹೇಳುತ್ತಾನೆಂದು ಕೇಳುವ ಮೊದಲೇ ಹೆಂಗಸರ ಸೆರಗು ಕಣ್ಣಿಗೆ ಏರುತ್ತಿತ್ತು.

ಗಾಂಧಿ ಬಜಾರಿನ ಹೂವಿನವಳೂ ಇದನ್ನೇ ಮಾಡುತ್ತಾಳೆ. ಅಮ್ಮನನ್ನು ಕಂಡರೆ "ಪೂಜೆಗೆ ಬಿಡಿ ಹೂವ ಇದೆ ಬಾಮ್ಮ" ಎನ್ನುತ್ತಾಳೆ, ನನ್ನನ್ನು ಕಂಡರೆ "ಮುಡ್ಕೋಳೋಕೆ ಮಲ್ಲಿಗೆ ಅಕ್ಕಾ". ಬುಟ್ಟಿ ಒಂದೇ. ಆದರೆ ಹೂವಿನವಳಿಗೆ "ನನಗೆ ಪೂಜೆಯದೇ ಕೊಡು" ಎಂದರೆ ಎರಡು ಮಾತಿಲ್ಲದೆ ಕೊಡುತ್ತಾಳೆ. ಸಿನಿಮಾದವರ ಹತ್ತಿರ ಆ ಸೌಲಭ್ಯವಿರಲಿಲ್ಲ.

ಅದು ಗೊತ್ತಾದದ್ದು ಕುದುರೆಯಿಂದ.

ಆ ದಿನ ಯಾವ ದೇವರ ಚಿತ್ರವೋ ಮರೆತಿದ್ದೇನೆ. ಇಂಟರ್‌ವಲ್ಲಿನ ಟ್ರೈಲರಿನಲ್ಲಿ ಒಬ್ಬ ಹೆಂಗಸು ಬಂದಳು. ಕಾಲಿಗೆ ಬೂಟು, ತಲೆಗೆ ಬಿಗಿದ ಚೌಕ, ಕೈಯಲ್ಲಿ ಚಾವಟಿ. ಅವಳು ಮಾತಾಡಿದ ಭಾಷೆ ಹಿಂದಿಯೋ ಮತ್ತೊಂದೋ ತಿಳಿಯಲಿಲ್ಲ, ಕುದುರೆಗೇನೂ ಭಾಷೆ ಬೇಕಿರಲಿಲ್ಲ. ಹಿಂದೆ ಅಟ್ಟಿಸಿಕೊಂಡು ಬರುವ ಸವಾರರು, ಮುಂದೆ ಬಾಯ್ತೆರೆದ ಕಂದರ. ಅವಳು ಕುದುರೆಯ ಕಿವಿಯಲ್ಲಿ ಏನೋ ಹೇಳಿದಳು. ಕುದುರೆ ನೆಗೆಯಿತು. ಕಂದರದ ನಟ್ಟನಡುವೆ, ಗಾಳಿಯಲ್ಲಿ, ಚಿತ್ರ ಹಾಗೆಯೇ ನಿಂತುಬಿಟ್ಟಿತು. ಮೈಕಿನವನು ಗುಡುಗಿದ: "ದಾಟ್ತಾಳಾ? ಬೀಳ್ತಾಳಾ? ಗಂಡೆದೆಯವರಿಗೆ ಮಾತ್ರ! ಹೆಂಗಸರು, ಮಕ್ಕಳು ನೋಡುವಂತಿಲ್ಲ!"

ನೆಲದಲ್ಲಿ ಸಿಳ್ಳೆ ಎದ್ದಿತು. ಅಮ್ಮನ ಅಂಗೈ ಆಗಲೇ ನನ್ನ ಕಣ್ಣ ಮೇಲಿತ್ತು. "ಕಣ್ ಮುಚ್ಕೋ, ಅದು ಗಂಡಸರ ಸಿನಿಮಾ." ಆದರೆ ಅಮ್ಮನ ಬೆರಳುಗಳು ಸಣ್ಣವು, ನಡುವೆ ಸಂದಿಗಳು ದೊಡ್ಡವು. ನನಗೆ ಕುದುರೆಯ ನಾಲ್ಕು ಕಾಲೂ ಕಾಣಿಸಿದವು.

"ಅಮ್ಮಾ, ಹಾರ್ತಿರೋಳೇ ಹೆಂಗಸಲ್ವಾ?"

"ಶ್! ಅವಳು ಸಿನಿಮಾದವಳು."

ನನಗೆ ಈಗಲೂ ಇದು ಒಪ್ಪಿಗೆಯಾಗದ ಉತ್ತರ. ಹೆಂಗಸು ಹಾರಬಹುದು, ಹೆಂಗಸರು ನೋಡಬಾರದು; ಇದು ಯಾವ ಪ್ರಮೇಯ? ಅತ್ತೆಯ ಕೈಯಲ್ಲಿ ಏಟು ತಿನ್ನುವ ಹೆಂಗಸನ್ನು ನೋಡಲು "ತಾಯಂದಿರೇ" ಎಂದು ಕರೆಯುವ ಬಾಯಿ, ಕಂದರ ದಾಟುವ ಹೆಂಗಸನ್ನು ನೋಡಬೇಡಿ ಎನ್ನುತ್ತದೆ. ಅಳುವ ಸಾಲಿನಲ್ಲಿ ಕೂರುತ್ತೀಯಾ ಎಂದು ನನ್ನನ್ನು ಯಾರೂ ಕೇಳಲೇ ಇಲ್ಲ. ಗೋಡೆ ನಾನು ಹುಟ್ಟುವ ಮೊದಲೇ ಕಟ್ಟಿಯಾಗಿತ್ತು.

ಮರುವಾರ ನಮ್ಮನ್ನು ಆ ಚಿತ್ರಕ್ಕೆ ಯಾರೂ ಕರೆದೊಯ್ಯಲಿಲ್ಲವೆಂದು ಹೇಳಬೇಕಾಗಿಲ್ಲ. ಕುದುರೆ ನನ್ನೊಳಗೆ ಗಾಳಿಯಲ್ಲೇ ಉಳಿಯಿತು. ಬಿ.ಎಸ್ಸಿ. ತರಗತಿಯಲ್ಲಿ, ಎಸೆದ ವಸ್ತು ಎಷ್ಟು ದೂರ ಹೋಗಿ ಬೀಳುತ್ತದೆಂಬ ಪಾಠ ಬಂದಾಗ, ಎಲ್ಲರೂ ಫಿರಂಗಿಯ ಗುಂಡಿನ ಲೆಕ್ಕ ಮಾಡಿದರೆ ನಾನು ಪುಸ್ತಕದ ಅಂಚಿನಲ್ಲಿ ಕುದುರೆಯ ಲೆಕ್ಕ ಮಾಡಿದೆ. ಕಂದರದ ಅಗಲ ಗೊತ್ತಿಲ್ಲದೆ ಲೆಕ್ಕ ನಿಂತಿತು. ಟ್ರೈಲರಿನವರು ಯಾವತ್ತೂ ಅಗಲ ಹೇಳುವುದಿಲ್ಲ.

ಡಿಗ್ರಿ ಮುಗಿದ ಮೇಲೆ ಟ್ರೈಲರು ನನ್ನದೇ ಶುರುವಾಯಿತು. ಎದುರುಮನೆಯ ಲಲಿತಮ್ಮ ಸಂಬಂಧ ಕುದುರಿಸುವುದರಲ್ಲಿ ಹೆಸರಾದವರು. ಅವರು ನನ್ನನ್ನು ಕತ್ತರಿಸಿ ಜೋಡಿಸಿದ ರೀತಿಯನ್ನು ಯಾವ ಸಿನಿಮಾದವನೂ ಮೆಚ್ಚಬೇಕು. "ಹುಡುಗಿ ಹಾಡ್ತಾಳೆ, ರಂಗೋಲಿ ಅಂತೂ ಅಚ್ಚು ಹಾಕಿದ ಹಾಗೆ, ಬಾಯಿ ಇದೆಯೋ ಇಲ್ವೋ ಅನ್ನೋ ಹಾಗಿರ್ತಾಳೆ." ಕನ್ನಡಕ ಕಟ್. ಗಣಿತ ಕಟ್. ಹಾಡಿನ ಮೂರನೆಯ ಚರಣದಲ್ಲಿ ಶ್ರುತಿ ಕೈಬಿಡುವುದು ಕಟ್.

ಹೀಗೆ ಒದಗಿದ್ದು ವಿಲ್ಸನ್ ಗಾರ್ಡನ್ನಿನ ಪದ್ಮಮ್ಮನವರ ಸಂಬಂಧ. ಮಗ ಇಂಜಿನಿಯರು. ಪದ್ಮಮ್ಮ ಆಧುನಿಕರು. ಮನೆಗೆ ಬಂದು ಉಪ್ಪಿಟ್ಟು ತಿಂದು ಹುಡುಗಿ ನೋಡುವುದು ಅವರಿಗೆ ಆಗದು. ಎರಡೂ ಮನೆಯವರು ಒಟ್ಟಿಗೆ ಸಿನಿಮಾಕ್ಕೆ ಹೋಗಬೇಕು, ಅಲ್ಲಿ ನೋಡಬೇಕು.

"ಎಷ್ಟು ಸಲೀಸು ನೋಡಿ" ಎಂದರು ಲಲಿತಮ್ಮ. ಆಮೇಲೆ ದನಿ ತಗ್ಗಿಸಿದರು. "ಆದ್ರೆ ಒಂದು. ಅಳೋ ಸಿನಿಮಾಕ್ಕೇ ಕರ್ಕೊಂಡ್ ಹೋಗ್ತಾರೆ. ಅಳೋ ಜಾಗದಲ್ಲಿ ಅಳದ ಹುಡುಗಿ ಸಂಸಾರ ಮಾಡಲ್ಲ ಅಂತ ಅವರ ಲೆಕ್ಕ. ದೊಡ್ಡ ಸೊಸೇನ ಹಾಗೇ ಆರಿಸಿದ್ದು. ಇಂಟರ್‌ವಲ್ಲಿಗೆ ಮುಂಚೇನೇ ಒಪ್ಪಿಗೆ ಆಗೋಯ್ತಂತೆ, ಅಷ್ಟ್ ಅತ್ಲಂತೆ!"

ಆರಿಸಿದ ಚಿತ್ರದ ಟ್ರೈಲರನ್ನು ಅಮ್ಮ ಲಲಿತಮ್ಮನ ಜೊತೆ ಆಗಲೇ ನೋಡಿದ್ದಳು. ಅದರ ಕೊನೆಯಲ್ಲಿ, ಅದೇ ನೆಗಡಿಯ ದನಿಯಲ್ಲಿ, "ತಾಯಂದಿರೇ, ಸಹೋದರಿಯರೇ! ಬರುವಾಗ ಎರಡು ಕರವಸ್ತ್ರ ತನ್ನಿ!" ಎಂದು ಹೇಳಿದ್ದರಂತೆ. ನನ್ನ ಅಮ್ಮ ಜಾಹೀರಾತನ್ನು ಪಂಚಾಂಗದಂತೆ ಓದುವವಳು. ಬಟ್ಟೆ ತಂದು, ಕತ್ತರಿಸಿ, ಎರಡು ಕರವಸ್ತ್ರ ಹೊಲಿದಳು.

"ಒಂದು ಸಾಲ್ದೇನಮ್ಮಾ?"

"ಸಾಲ್ದು ಅಂತ ಅವರೇ ಹೇಳಿದಾರಲ್ಲೇ." ಸೂಜಿಗೆ ದಾರ ಪೋಣಿಸುತ್ತ, ನನ್ನ ಮುಖ ನೋಡದೆ ಸೇರಿಸಿದಳು: "ಸ್ವಲ್ಪ ಅತ್ಬಿಡು. ನಿನ್ನ ಗಂಟೇನು ಹೋಗುತ್ತೆ?"

"ಬರದಿದ್ರೆ?"

"ಬರದಿದ್ರೆ ಸುಮ್ನೆ ಒರೆಸ್ಕೋ."

ಅಪ್ಪ ಪೇಪರಿನ ಹಿಂದಿನಿಂದ, "ಒಂದು ಈರುಳ್ಳಿ ಕಟ್ಟಿ ಕಳ್ಸು" ಎಂದ.

ಪೇಟೆಯ ದೊಡ್ಡ ಥಿಯೇಟರು, ಮಧ್ಯಾಹ್ನದ ಆಟ. ನನ್ನ ಎಡಕ್ಕೆ ಅಮ್ಮ, ಬಲಕ್ಕೆ ಪದ್ಮಮ್ಮ, ಹಿಂದಿನ ಸಾಲಿನಲ್ಲಿ ಅಪ್ಪ ಮತ್ತು ಹುಡುಗ. ಕರವಸ್ತ್ರಗಳು ನನ್ನ ಮಡಿಲಲ್ಲಿ, ಒಂದರ ಮೇಲೊಂದು, ಇಸ್ತ್ರಿ ಮುರಿಯದೆ. ತೆರೆಯ ಮೇಲೆ ನಾಯಕಿಯ ಕಷ್ಟಗಳು ಬಸ್ಸಿನ ಕ್ಯೂ ನಿಂತಂತೆ ಶಿಸ್ತಾಗಿ ಬಂದವು. ಗಂಡ ಹೊರಗೆ ಹೋದ, ಅತ್ತೆ ಸೌಟು ಎತ್ತಿದಳು, ಮಗುವಿಗೆ ಜ್ವರ ಬಂತು. ಪ್ರತಿಯೊಂದು ಕಷ್ಟಕ್ಕೂ ಪಿಟೀಲು ಒಂದು ಹೆಜ್ಜೆ ಮುಂದಾಗಿ ಬಂದು, "ಈಗ, ಈಗ" ಎಂದು ತಿವಿಯುತ್ತಿತ್ತು. ಪಿಟೀಲು ತಿವಿದಾಗಲೆಲ್ಲ ಪದ್ಮಮ್ಮ ತಮ್ಮ ಕಣ್ಣೊರೆಸಿಕೊಂಡು, ಅದೇ ಉಸಿರಿಗೆ ನನ್ನ ಕಡೆ ತಿರುಗುತ್ತಿದ್ದರು. ಅಮ್ಮ ಮೊಣಕೈಯಿಂದ ತಿವಿಯುತ್ತಿದ್ದಳು. ಇಷ್ಟು ಕಡೆಯಿಂದ ತಿವಿಸಿಕೊಂಡವಳಿಗೆ ಅಳು ಬರಬೇಕಾಗಿದ್ದುದು ನ್ಯಾಯ. ಬರಲಿಲ್ಲ. ನಾನು ಕಲ್ಲುಹೃದಯದವಳಲ್ಲ, ನಮ್ಮ ಬೆಕ್ಕು ಸತ್ತಾಗ ಎರಡು ದಿನ ಊಟ ಬಿಟ್ಟವಳು. ಆದರೆ ಅಳುವ ಜಾಗಕ್ಕೆ ಬೋರ್ಡು ಹಾಕಿ ತೋರಿಸಿದರೆ ನನ್ನ ಕಣ್ಣು ಹಟ ಹಿಡಿಯುತ್ತದೆ.

ಇಂಟರ್‌ವಲ್ಲಿನ ದೀಪ ಹತ್ತುವ ಮೊದಲು ಟ್ರೈಲರು ಬಂತು. "ಮತ್ತೆ ಬರುತ್ತಿದೆ! ಭಾನುವಾರ ಬೆಳಗಿನ ಆಟ!" ಹಳೆಯ ಪ್ರತಿ, ಉದ್ದಕ್ಕೂ ಗೀರುಗಳ ಮಳೆ. ಬೂಟು, ತಲೆಗೆ ಬಿಗಿದ ಚೌಕ, ಚಾವಟಿ. ನಾನು ಕನ್ನಡಕ ಸರಿಮಾಡಿಕೊಂಡೆ. ಅವಳೇ. ಕುದುರೆಯ ಕಿವಿಯಲ್ಲಿ ಅದೇ ಮಾತು. ನೆಗೆತ. ನಿಂತ ಚಿತ್ರ.

ನಾನು ಫ್ರಾಕು ಬಿಟ್ಟು ಲಂಗ ತೊಟ್ಟು, ಲಂಗ ಬಿಟ್ಟು ಸೀರೆ ಉಟ್ಟು, ಡಿಗ್ರಿ ಮುಗಿಸಿ, ಮದುವೆಗೆ ನೋಡಿಸಿಕೊಳ್ಳಲು ಬಂದು ಕೂತಿದ್ದೆ. ಅವಳು ಇನ್ನೂ ಗಾಳಿಯಲ್ಲೇ ಇದ್ದಳು. ಇಷ್ಟು ವರ್ಷ ಅವಳನ್ನು ಯಾರೂ ಕೆಳಗಿಳಿಸಿರಲಿಲ್ಲ. ನನಗೆ ಗೊತ್ತಾಗುವ ಮೊದಲೇ ಕನ್ನಡಕ ಮಂಜಾಯಿತು.

ದೀಪ ಹತ್ತಿತು. ಪದ್ಮಮ್ಮ ನನ್ನ ಮುಖ ನೋಡಿದರು. ಅವರ ಮುಖ ಅರಳಿತು.

"ಅಯ್ಯೋ ಪಾಪ, ಬಿಡಮ್ಮ, ಬಿಡು" ಎಂದು ನನ್ನ ಬೆನ್ನು ಸವರಿದರು. ಆಮೇಲೆ ನನ್ನ ತಲೆಯ ಮೇಲಿಂದ ಅಮ್ಮನಿಗೆ: "ಆಗಿಂದ ನೋಡ್ತಿದೀನಿ, ಗಟ್ಟಿಯಾಗಿ ತಡ್ಕೊಂಡು ಕೂತಿತ್ತು. ಈಗ ಉಕ್ತು ನೋಡಿ. ಬೆಣ್ಣೆ ಮನಸ್ಸು ಕಣ್ರೀ. ನಮಗೆ ಒಪ್ಪಿಗೆ."

ಅಮ್ಮನ ಮುಖವನ್ನು ನಾನು ಈಗಲೂ ಮರೆಯಲಾರೆ. ದೀಪಾವಳಿಯ ನೀರು ತುಂಬಿದ ಹಂಡೆಯಂತೆ ಹೊಳೆಯುತ್ತಿತ್ತು. ನಾನು ಮಾಡಬೇಕಾಗಿದ್ದುದು ಒಂದೇ ಕೆಲಸ: ಸುಮ್ಮನಿರುವುದು. ನನಗೆ ಹುಟ್ಟಿನಿಂದ ಬಂದ ವಿದ್ಯೆ ಅದೊಂದೇ. ಆ ಒಂದು ಸಲ ಅದನ್ನು ಉಪಯೋಗಿಸಿದ್ದರೆ ಬೇಸಿಗೆಗೆ ಮುಂಚೆ ನನ್ನ ಮದುವೆಯಾಗುತ್ತಿತ್ತು. ಆಮೇಲೆ ಬದುಕಿದ್ದಷ್ಟು ಕಾಲ ಪಿಟೀಲು ತಿವಿದಲ್ಲೆಲ್ಲ ಅಳಬೇಕಾಗುತ್ತಿತ್ತು. ಒಮ್ಮೆ ಒಪ್ಪಿಕೊಂಡ ಟ್ರೈಲರಿಗೆ ತಕ್ಕ ಸಿನಿಮಾ ಕೊಡದಿದ್ದರೆ ಜನ ಕುರ್ಚಿ ಮುರಿಯುತ್ತಾರೆ.

"ನಾನು ಈ ಸಿನಿಮಾಕ್ಕೆ ಅಳಲಿಲ್ಲ" ಎಂದೆ.

"ಏನಂದೆ?"

"ಕುದುರೆಗೆ ಅತ್ತೆ."

"ಯಾವ ಕುದುರೆ?" ಪದ್ಮಮ್ಮ ಹಿಂದೆ ತಿರುಗಿ ಮಗನನ್ನು ಕೇಳಿದರು. "ಯಾವ ಕುದುರೆನೋ? ಇದರಲ್ಲಿ ಕುದುರೆ ಎಲ್ಲಿತ್ತು?"

"ಟ್ರೈಲರಿನಲ್ಲಿ ಬಂತಲ್ಲಮ್ಮಾ" ಎಂದ ಹುಡುಗ. ಆ ದಿನ ಅವನ ದನಿ ಕೇಳಿದ್ದು ಆಗಲೇ ಮೊದಲು. ನನ್ನ ಕಡೆ ಬಾಗಿ, ದಯೆಯಿಂದ, ತಿಳಿದವರು ತಿಳಿಯದವರಿಗೆ ಹೇಳುವಂತೆ ಹೇಳಿದ: "ಅದೆಲ್ಲ ಟ್ರಿಕ್ ಶಾಟ್ ರೀ. ಆ ಕುದುರೆ ದಾಟೋದೇ ಇಲ್ಲ."

"ನೀವು ನೋಡಿದೀರಾ?"

"ಇಲ್ಲ."

"ಮತ್ತೆ ಹೇಗೆ ಗೊತ್ತು?"

ಅವನು ಕಡಲೆಕಾಯಿಯ ಪೊಟ್ಟಣ ನೋಡಿಕೊಂಡ. ಅಪ್ಪ ಕೆಮ್ಮಿದ. ಆ ಕೆಮ್ಮು ನಗುವೆಂದು ನನಗೂ ಅಮ್ಮನಿಗೂ ಗೊತ್ತು.

ಪದ್ಮಮ್ಮನಿಗೆ ಸಿಟ್ಟಿಗಿಂತ ಹೆಚ್ಚಾಗಿ ಗಾಬರಿಯಾಗಿತ್ತು. "ಅಲ್ಲಮ್ಮ, ಒಂದು ಹೆಣ್ಣಿನ ಕಷ್ಟಕ್ಕೆ ಬರದ ಕಣ್ಣೀರು ಕುದುರೆಗೆ ಬಂತಾ?"

"ಕುದುರೆ ಮೇಲೂ ಹೆಣ್ಣೇ ಇದ್ದಳು" ಎಂದೆ. "ನೀವು ತಪ್ಪು ತಿಳ್ಕೊಂಡು ಒಪ್ಪೋದು ಬೇಡ. ನನಗೆ ಹೇಳಿದ ಜಾಗದಲ್ಲಿ ಅಳೋಕೆ ಬರಲ್ಲ. ಮದುವೆ ಆದ ಮೇಲೂ ಬರಲ್ಲ."

ಗಂಟೆ ಹೊಡೆಯಿತು. ದೀಪ ಆರಿತು.

ಸಂಬಂಧ ಮುರಿದರೂ ಟಿಕೆಟ್ಟು ಮುರಿಯುವುದಿಲ್ಲ. ನಾವೆಲ್ಲರೂ ಇದ್ದಲ್ಲೇ ಕೂತು ಉಳಿದರ್ಧ ನೋಡಬೇಕಾಯಿತು. ಅಮ್ಮ ನನ್ನಿಂದ ಎಷ್ಟು ದೂರ ಸರಿಯಬಹುದೋ ಅಷ್ಟು ದೂರ, ಅಂದರೆ ಕುರ್ಚಿಯ ಕೈ ಇರುವಷ್ಟು ದೂರ, ಸರಿದಳು. ತೆರೆಯ ಮೇಲೆ ಅತ್ತೆ ಸೊಸೆಯನ್ನು ಮನೆಯಿಂದ ಹೊರಗೆ ನೂಕಿದಳು. ಪಕ್ಕದಿಂದ ಒಂದು ಪಿಸುಮಾತು ಬಂತು: "ನಿನ್ ಕೈ ಸೇದಿಹೋಗ, ಮುಂಡೇದೇ!" ಪದ್ಮಮ್ಮ ತೆರೆಯ ಮೇಲಿನ ಅತ್ತೆಯನ್ನು ಶಪಿಸುತ್ತಿದ್ದರು. ಸೆರಗು ಒದ್ದೆಯಾಗಿತ್ತು, ಅವರ ಒಂದೇ ಕರವಸ್ತ್ರ ಮುದ್ದೆಯಾಗಿತ್ತು, ಈಗ ಅವರು ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಅದು ಪಿಟೀಲಿಗೆ ಬಂದ ಅಳುವಲ್ಲ. ಯಾವ ಕಾಲದ್ದೋ, ಯಾವ ಅಡಿಗೆಮನೆಯದೋ, ಸ್ವಂತದ್ದು. ನಾನು ಇಸ್ತ್ರಿ ಮುರಿಯದ ಕರವಸ್ತ್ರವೊಂದನ್ನು ಅವರ ಕೈಗಿಟ್ಟೆ. ಅವರು ನೋಡದೆಯೇ ತೆಗೆದುಕೊಂಡು ಮೂಗು ಸೀಟಿದರು. ಎರಡು ತರಬೇಕೆಂದವರ ಮಾತು ಅಷ್ಟರಮಟ್ಟಿಗೆ ನಿಜವಾಯಿತು. ಹೊರಗೆ ಬಂದ ಮೇಲೆ ಇಬ್ಬರಿಗೂ ಅದು ನೆನಪಾಗಲಿಲ್ಲ. ವಿಲ್ಸನ್ ಗಾರ್ಡನ್ ಬಸ್ಸು ಮೊದಲು ಬಂತು.

ಇದು ದುಃಖದ ಕಥೆಯೆಂದು ಯಾರಾದರೂ ಇಷ್ಟರಲ್ಲಿ ಕರವಸ್ತ್ರ ತೆಗೆದಿದ್ದರೆ ದಯವಿಟ್ಟು ಒಳಗಿಡಿ.

ಅಮ್ಮ ಮಾತು ಬಿಟ್ಟಳು. ಲಲಿತಮ್ಮ ಬಂದು, "ಕುದುರೆಯಂತೆ, ಕುದುರೆ! ಬೀದೀಲಿ ಹೇಳ್ಕೊಂಡ್ರೆ ನಗ್ತಾರೆ" ಎಂದು ಹೇಳಿ, ತಾವೇ ಬೀದಿಯಲ್ಲಿ ಹೇಳಿಕೊಂಡು ಬಂದರು. ನಾನು ತರಕಾರಿಗೆ ಹೋದರೆ ಹುಡುಗರು ನಾಲಿಗೆಯಿಂದ ಟಕಟಕ ಸದ್ದು ಮಾಡುತ್ತಿದ್ದರು. ತಲೆ ಬಗ್ಗಿಸುವುದು ನನ್ನ ಅಭ್ಯಾಸ. ಆ ವಾರ ಬಗ್ಗಿಸಲಿಲ್ಲ.

ಭಾನುವಾರ ಬೆಳಿಗ್ಗೆ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ, "ಸಿನಿಮಾಕ್ಕೆ ಹೋಗ್ತಿದೀನಿ" ಎಂದೆ. ಮನೆಯಲ್ಲಿ ಒಗ್ಗರಣೆಯ ಸದ್ದು ನಿಂತಿತು.

"ಯಾರ ಜೊತೆ?" ಅಮ್ಮ ಕೇಳಿದಳು. ಮಾತು ಬಿಟ್ಟ ಮೇಲೆ ಅದೇ ಮೊದಲು.

"ಒಬ್ಬಳೇ."

ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಂಡು ಅಳುತ್ತಾಳೆಂದುಕೊಂಡೆ. ಹೊರಗೆ ಹೋಗುವ ಸೀರೆ ಉಟ್ಟು ಬಂದಳು. "ನಡಿ" ಎಂದಳು.

ಬೆಳಗಿನ ಆಟಕ್ಕೆ ಬಂದವರೆಲ್ಲ ಗಂಡಸರು. ನಾವು ಒಳಗೆ ಹೋದಾಗ ಮುಂದಿನ ಸಾಲಿನಿಂದ ಒಬ್ಬ ತಿರುಗಿ, "ಅಮ್ಮಾ, ಅಳೋ ಸಿನಿಮಾ ಮಧ್ಯಾಹ್ನಕ್ಕೆ!" ಎಂದ.

"ಗೊತ್ತಪ್ಪ" ಎಂದಳು ಅಮ್ಮ. "ಅದು ನೋಡಾಯ್ತು. ನೀನು ಮುಂದೆ ತಿರುಗಿ ಕೂತ್ಕೋ."

ನಾನು ಅವಳನ್ನೇ ನೋಡಿದೆ. ಅವಳು ತೆರೆಯ ಕಡೆ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದಳು: "ಆವತ್ತು ಟೆಂಟಿನಲ್ಲಿ ನಿನ್ನ ಕಣ್ಣು ಮುಚ್ಚಿದ್ದೆ. ನಾನೇನೂ ಮುಚ್ಕೊಂಡಿರಲಿಲ್ಲ."

ಕಂದರ ಬಂದಾಗ ಅಮ್ಮನ ಅಂಗೈ ರೂಢಿಯಿಂದ ನನ್ನ ಕಣ್ಣ ತನಕ ಎದ್ದಿತು. ಅಲ್ಲಿಂದ ಇಳಿದು ನನ್ನ ಮಣಿಕಟ್ಟನ್ನು ಹಿಡಿಯಿತು. ಸವಾರರು ಹತ್ತಿರವಾದರು. ಅವಳು ಕುದುರೆಯ ಕಿವಿಯಲ್ಲಿ ಹೇಳಿದಳು. ಅಮ್ಮನ ಬಳೆಗಳು ನನ್ನ ಚರ್ಮಕ್ಕೆ ಒತ್ತುತ್ತಿದ್ದವು.

ಟ್ರೈಲರು ಬರೆಯುವವರಾದರೆ ಇಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ನಿಲ್ಲಿಸುವುದಿಲ್ಲ. ದಾಟಿತು. ಧೂಳೆಬ್ಬಿಸಿಕೊಂಡು ಆಚೆ ದಡಕ್ಕೆ ಇಳಿದು, ಒಮ್ಮೆ ಮುಗ್ಗರಿಸಿ, ಓಡಿತು.

ಗಣಿತದವಳ ಕಣ್ಣು ಸುಮ್ಮನಿರುವುದಿಲ್ಲ. "ಅಮ್ಮಾ, ನೆಗೆದ ಕುದುರೆಗೆ ಒಂದು ಕಾಲು ಬಿಳಿ ಇತ್ತು. ಇಳಿದದ್ದಕ್ಕೆ ನಾಲ್ಕೂ ಕಪ್ಪು. ಬೇರೆ ಕುದುರೆ."

ಅಮ್ಮ ಮಣಿಕಟ್ಟು ಬಿಡಲಿಲ್ಲ.

"ಇರ್ಲಿ ಬಿಡೇ" ಎಂದಳು. "ಅವಳು ಅವಳೇ ತಾನೆ?"